ಗಾರ್ನ್‌ಗೆ ರೆಪ್ಪೆ ಅಂಟಿಸಿದವರಿಗೆ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಳೆಯ ವೈಜ್ಞಾನಿಕ ಧಾರಾವಾಹಿಗಳ ವಿಷಯ ಬಂದರೆ ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತೇ ಇದೆ. ಬೇಡದವರು ಈಗಲೇ ಮುಂದಕ್ಕೆ ಹೋಗಿಬಿಡಿ.

ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಸ್ಟಾರ್ ಟ್ರೆಕ್’ನ ‘ಅರೀನಾ’ ಕಂತನ್ನು ಹಾಕಿದೆ. 1967ರ ಜನವರಿಯಲ್ಲಿ ಪ್ರಸಾರವಾದದ್ದು. ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್‌ಗೂ ಗಾರ್ನ್ ಎಂಬ ಹಲ್ಲಿಮೋರೆಯ ಅನ್ಯಗ್ರಹ ಜೀವಿಗೂ ಬಂಡೆಗಳ ನಡುವೆ ಕಾಳಗ. ರಬ್ಬರಿನ ವೇಷದೊಳಗಿನ ಪುಣ್ಯಾತ್ಮ ನಿಧಾನವಾಗಿ ಕೈ ಬೀಸುತ್ತಾನೆ, ಕರ್ಕ್ ಅಷ್ಟೇ ಪುರಸೊತ್ತಿನಿಂದ ತಪ್ಪಿಸಿಕೊಳ್ಳುತ್ತಾನೆ. “ಚಿಕ್ಕಮ್ಮ, ಆ ಬಂಡೆ ಥರ್ಮೋಕೋಲ್ ಅಲ್ಲವಾ?” ಎಂದು ನಗಲು ಶುರುಮಾಡಿದ. ಎಸೆದ ಬಂಡೆ ಹಗುರವಾದದ್ದೆಂದು ನನಗೂ ಕಾಣುತ್ತದಪ್ಪ, ಕಣ್ಣಿದೆ. ಫೋನಿನಲ್ಲಿ ಹತ್ತು ಸೆಕೆಂಡು ಹಿಡಿದು ಗೆಳೆಯರ ಗುಂಪಿಗೆ ಕಳುಹಿಸಿದ. “ತುಂಬಾ ಹಳತಾಗಿಬಿಟ್ಟಿದೆ” ಎಂದು ತೀರ್ಪು ಕೊಟ್ಟು ಎದ್ದುಹೋದ. ಕಂತು ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು.

ಕಥೆ ಇರುವುದೇ ಆ ಹತ್ತು ನಿಮಿಷದಲ್ಲಿ! ಗಡಿಯ ಹೊರಠಾಣೆಯೊಂದನ್ನು ಗಾರ್ನ್‌ಗಳು ನೆಲಸಮ ಮಾಡಿರುತ್ತಾರೆ, ಕರ್ಕ್ ಸೇಡಿಗಾಗಿ ಬೆನ್ನಟ್ಟಿ ಬಂದಿರುತ್ತಾನೆ. ಆಗ ಗಾರ್ನ್ ಹೇಳುತ್ತದೆ, ಆ ಜಾಗ ನಮ್ಮದು, ನುಗ್ಗಿ ಬಂದವರು ನೀವು ಎಂದು. ದೂರದ ಹಡಗಿನಲ್ಲಿ ಕುಳಿತು ನೋಡುತ್ತಿರುವ ವೈದ್ಯನಿಗೆ ತಪ್ಪು ನಮ್ಮದೇ ಇರಬಹುದೇ ಎಂಬ ಅನುಮಾನ ಮೂಡುತ್ತದೆ. ಬಿದಿರಿನ ಕೊಳವೆಗೆ ಗಂಧಕ, ಇದ್ದಿಲು, ಪೆಟ್ಲುಪ್ಪು ತುಂಬಿ, ವಜ್ರದ ಹರಳುಗಳನ್ನೇ ಗುಂಡಾಗಿಸಿ ಗಾರ್ನ್‌ನನ್ನು ಕೆಡವಿದ ಕರ್ಕ್, ಎತ್ತಿದ ಕಲ್ಲಿನ ಚೂರಿಯನ್ನು ಇಳಿಸಿಬಿಡುತ್ತಾನೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ಮನೆಮನೆಯ ಟಿವಿಯಲ್ಲಿ ಬಂದ ಕಥೆ ಇದು. ಇದು ಹಳತಾಗಿದೆಯಂತೆ.

ನನ್ನ ಸಿಟ್ಟು ಹುಡುಗನ ಮೇಲೂ ಅಲ್ಲ ಬಿಡಿ. ಅವನು ನೋಡಿದ್ದು ರಿಪೇರಿಯಾದ ಪ್ರತಿ. 2006ರಲ್ಲಿ, ಧಾರಾವಾಹಿಗೆ 40 ವರ್ಷ ತುಂಬಿತೆಂದು, ಹಳೆಯ ದೃಶ್ಯಗಳನ್ನು ಕಿತ್ತು ಕಂಪ್ಯೂಟರ್ ಗ್ರಾಫಿಕ್ಸ್ ತುರುಕಿದರು. ಮೂಲದಲ್ಲಿ ಗಾರ್ನ್‌ನ ಕಣ್ಣುಗಳು ಕೀಟದ ಕಣ್ಣಿನಂತೆ ಬೆಳ್ಳಿಬಣ್ಣದವು, ಮಿಟುಕುವುದೇ ಇಲ್ಲ. ಹೊಸ ಪ್ರತಿಯಲ್ಲಿ ಗಾರ್ನ್ ರೆಪ್ಪೆ ಬಡಿಯುತ್ತದೆ! ಯಾರೋ ಕುಳಿತು, ಕೂಲಿ ಪಡೆದು, ಆ ರೆಪ್ಪೆಗಳನ್ನು ಅಂಟಿಸಿದ್ದಾರೆ. ಫಲ? ನಮ್ಮ ಹುಡುಗ ಬಿದ್ದು ಬಿದ್ದು ನಕ್ಕದ್ದು ರೆಪ್ಪೆ ಬಂದ ಮೇಲಿನ ಗಾರ್ನ್‌ನನ್ನು ನೋಡಿಯೇ.

ಇನ್ನೊಂದು ತಮಾಷೆ ನೋಡಿ. 1960ರ ದಶಕದಲ್ಲಿ ಹಡಗಿಗಾಗಿ ಕಟ್ಟಿದ 11 ಅಡಿ ಉದ್ದದ ಮಾದರಿ ಇಂದು ವಾಷಿಂಗ್ಟನ್ನಿನ ವೈಮಾನಿಕ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸ್ವತ್ತು. ಅದರ ಮೇಲೆ ನಿಜವಾದ ಬೆಳಕು ಬಿದ್ದಿತ್ತು, ನೆರಳೂ ಇತ್ತು. 2006ರ ಹಡಗಾದರೋ ಆ ಕಾಲದ ವಿಡಿಯೊ ಗೇಮಿನಿಂದ ತಪ್ಪಿಸಿಕೊಂಡು ಬಂದಂತಿದೆ. ನಲವತ್ತು ವರ್ಷ ಚಿಕ್ಕದು, ಈಗಲೇ ಮುದಿಯಾಗಿದೆ.

‘ಬ್ಯಾಬಿಲಾನ್ 5’ ಎಂಬ ಇನ್ನೊಂದು ಬಾಹ್ಯಾಕಾಶ ಧಾರಾವಾಹಿಯ ಪಾಡು ಇನ್ನೂ ಕರುಣಾಜನಕ. ನಟರನ್ನು ಅಗಲ ಪರದೆಗೆ ಹೊಂದುವಂತೆ ಚಿತ್ರೀಕರಿಸಿದ್ದರು, ಹಡಗುಗಳ ಗ್ರಾಫಿಕ್ಸ್ ಮಾತ್ರ ಹಳೆಯ ಟಿವಿಯ ಅಳತೆಯದು. ಡಿವಿಡಿಯಲ್ಲಿ ಅಗಲ ಮಾಡಲು ಹೋಗಿ ಗ್ರಾಫಿಕ್ಸನ್ನು ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸಿದರು. ಮನುಷ್ಯರು ಸ್ಪಷ್ಟ, ಹಡಗು ಬಂದೊಡನೆ ಕಣ್ಣಿಗೆ ಪೊರೆ ಬಂದ ಹಾಗೆ. 2021ರಲ್ಲಿ ತೆಪ್ಪಗೆ ಹಳೆಯ ಚೌಕಟ್ಟಿಗೇ ಮರಳಿದರು.

“ಆಗ ದುಡ್ಡಿರಲಿಲ್ಲ, ಇದ್ದಿದ್ದರೆ ಅವರೇ ಚೆನ್ನಾಗಿ ಮಾಡುತ್ತಿದ್ದರಲ್ಲವೇ” ಎಂದು ಕಮೆಂಟ್ ಬರೆಯಲು ಕೆಲವರು ಆಗಲೇ ಬೆರಳು ಎತ್ತಿರುತ್ತೀರಿ. ದುಡ್ಡಿದ್ದಿದ್ದರೆ ವಾರಕ್ಕೊಂದು ಗ್ರಹದ ಮೇಲೆ ಹಡಗು ಇಳಿಸುತ್ತಿದ್ದರು, ಅಷ್ಟೆ. ಇಳಿಸುವ ಖರ್ಚು ತಾಳದೆ ಹುಟ್ಟಿದ್ದೇ ಆ ಟ್ರಾನ್ಸ್‌ಪೋರ್ಟರ್, ನಿಂತಲ್ಲೇ ಮಿನುಗಿ ಮಾಯವಾಗುವ ಉಪಾಯ. ಇಂದಿಗೂ ಜನ ನೆನೆಯುವುದು ಅದನ್ನೇ. ‘ಸ್ಟಾರ್ ಟ್ರೆಕ್’ನದೇ ಮುಂದಿನ ಸರಣಿ, 1987ರ ‘ನೆಕ್ಸ್ಟ್ ಜನರೇಷನ್’ನ ಮೂಲ ಫಿಲ್ಮನ್ನು ಹುಡುಕಿ, ತೊಳೆದು, ಮತ್ತೆ ಜೋಡಿಸಿದರಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಧೂಳು ಒರೆಸುವುದು ಬೇರೆ, ರೆಪ್ಪೆ ಅಂಟಿಸುವುದು ಬೇರೆ.

ಅದೇ ಸರಣಿಯಲ್ಲಿ 1989ರ ಒಂದು ಕಂತಿದೆ, ‘ದ ಮೆಷರ್ ಆಫ್ ಎ ಮ್ಯಾನ್’. ಡೇಟಾ ಎಂಬ ಯಂತ್ರಮಾನವನನ್ನು ಬಿಚ್ಚಿ ನೋಡಲು ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಲ್ಲೆ ಎನ್ನುತ್ತಾನೆ. ಅವನು ಸ್ವತ್ತೋ, ವ್ಯಕ್ತಿಯೋ ಎಂದು ವಿಚಾರಣೆ ನಡೆಯುತ್ತದೆ. ಅವನ ವಿರುದ್ಧ ವಾದಿಸುವ ಕೆಲಸ ಸ್ನೇಹಿತ ರೈಕರ್‌ನ ತಲೆಗೇ ಬೀಳುತ್ತದೆ. ರೈಕರ್ ಎದ್ದುಬಂದು, ಎಲ್ಲರೆದುರು ಡೇಟಾನ ಸ್ವಿಚ್ಚನ್ನು ಆರಿಸುತ್ತಾನೆ. ಡೇಟಾ ಮೇಜಿನ ಮೇಲೆ ಮುಖವಡಿಯಾಗಿ ಕುಸಿಯುತ್ತಾನೆ. ಒಂದು ಕೋಣೆ, ಒಂದು ಮೇಜು, ಅಷ್ಟೇ. ಎಷ್ಟನೆಯ ಸಲ ನೋಡಿದರೂ ರೈಕರ್ ಮರಳಿ ಕುರ್ಚಿಗೆ ನಡೆಯುವಾಗಿನ ಅವನ ಮುಖವನ್ನು ನೋಡಲು ನನಗೆ ಆಗುವುದಿಲ್ಲ.

‘ಸ್ಟಾರ್ ಟ್ರೆಕ್’ನ ಇನ್ನೊಂದು ಸರಣಿ ‘ಡೀಪ್ ಸ್ಪೇಸ್ ನೈನ್’ನ ‘ಡ್ಯುಯೆಟ್’ (1993) ಅಂತೂ ದುಡ್ಡು ಉಳಿಸಲೆಂದೇ ಮಾಡಿದ ಕಂತು. ಸೆರೆಕೋಣೆಯಲ್ಲಿ ಇಬ್ಬರ ಮಾತು, ಹೆಚ್ಚುಕಡಿಮೆ ಅಷ್ಟೆ. ನರಮೇಧ ನಡೆಸಿದ ಅಧಿಕಾರಿ ನಾನೇ ಎಂದು ಕೊಚ್ಚಿಕೊಳ್ಳುವವನು ನಿಜದಲ್ಲಿ ಆ ಶಿಬಿರದ ಗುಮಾಸ್ತ, ಅಳು ಕೇಳಿಸದಿರಲೆಂದು ಕಿವಿ ಮುಚ್ಚಿಕೊಂಡವನು. ಇದಕ್ಕೆ ಯಾವ ಗ್ರಾಫಿಕ್ಸ್ ಹಾಕುತ್ತೀರಿ?

1963ರಲ್ಲಿ ಶುರುವಾದ ‘ಡಾಕ್ಟರ್ ಹೂ’ದ ಎಷ್ಟೋ ಹಳೆಯ ಕಂತುಗಳ ಟೇಪನ್ನು ಬಿಬಿಸಿ ತಾನೇ ಅಳಿಸಿಹಾಕಿತು. ಚಿತ್ರ ಹೋಯಿತು, ಧ್ವನಿ ಉಳಿಯಿತು. ಆ ಕಾಲದಲ್ಲಿ ವೀಕ್ಷಕರು ಟಿವಿ ಮುಂದೆ ರೆಕಾರ್ಡರ್ ಇಟ್ಟು ಹಿಡಿದಿಟ್ಟಿದ್ದರು. ದೀಪ ಆರಿಸಿ ಕೇಳಿ ನೋಡಿ. ನಗುವುದಕ್ಕೆ ಥರ್ಮೋಕೋಲ್ ಇಲ್ಲ, ವೇಷವಿಲ್ಲ, ಹೆದರಿಕೆ ಮಾತ್ರ ಹಾಗೆಯೇ ಇದೆ.

ಈಗ ಹೇಳಲೇಬೇಕಾದ ಮಾತು. ಹುಡುಗ ಎದ್ದುಹೋದ ಮೇಲೆ, ಹಟಕ್ಕೆ ಬಿದ್ದು, ‘ಸ್ಟಾರ್ ಟ್ರೆಕ್’ನ ಅದೇ ಮೂಲ ಸರಣಿಯ ಕಟ್ಟಕಡೆಯ ಕಂತನ್ನು ಹಾಕಿದೆ, 1969ರದ್ದು. ಕ್ಯಾಪ್ಟನ್ ಆಗಬೇಕೆಂಬ ಹಂಬಲದ ಹೆಂಗಸೊಬ್ಬಳು ಕರ್ಕ್‌ನ ಮೈಯೊಳಗೆ ಸೇರಿಕೊಳ್ಳುತ್ತಾಳೆ. ಆ ಆಸೆಯೇ ಅವಳ ಹುಚ್ಚಿಗೆ ಕಾರಣ ಎಂಬಂತೆ ಕಥೆ ಸಾಗುತ್ತದೆ. ‘ಕಾಲಕ್ಕಿಂತ ಮುಂದಿತ್ತು’ ಎಂದು ಇಪ್ಪತ್ತು ವರ್ಷದಿಂದ ಕಂಡಕಂಡವರಿಗೆ ಭಾಷಣ ಮಾಡಿದವಳು ನಾನು, ಹೆಣ್ಣು. ಈ ಕಂತನ್ನು ಸಲೀಸಾಗಿ ಮರೆತುಬಿಟ್ಟಿದ್ದೆ. ಅರ್ಧಕ್ಕೇ ಆರಿಸಿದೆ. ನನ್ನ ನೆನಪೂ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ರೆಪ್ಪೆ ಅಂಟಿಸಿಕೊಂಡಿತ್ತು ನೋಡಿ. ಹಳಸುವುದು ಎಂದರೆ ಇದು. ಬಂಡೆಯ ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಎಕ್ಸ್ ಫೈಲ್ಸ್’ ಕೂಡ ಹೀಗೆಯೇ ಹಳಸಿತು. 1993ರಿಂದ 2002ರವರೆಗೆ ಒಂಬತ್ತು ಸೀಸನ್, ಮತ್ತೆ 2016, 2018ರಲ್ಲಿ ಎರಡು. ವಾರಕ್ಕೊಂದು ಭೂತ ಹಿಡಿಯುವ ಬಿಡಿ ಕಂತುಗಳು ಇವತ್ತಿಗೂ ಗರಿಗರಿ. ಆ ಮಹಾ ಪಿತೂರಿಯ ಕಥೆಯನ್ನು ಮಾತ್ರ ಎಳೆದೂ ಎಳೆದೂ, ಉತ್ತರವನ್ನು ಮುಂದೂಡಿ ಮುಂದೂಡಿ, ಕೊನೆಗೆ ಪ್ರಶ್ನೆಯೇ ಯಾರಿಗೂ ನೆನಪಿಲ್ಲದಂತೆ ಮಾಡಿದರು. ಇದನ್ನೂ ಗ್ರಾಫಿಕ್ಸ್ ಹಾಕಿ ಸರಿಮಾಡಲಿ ನೋಡೋಣ.

ಇಷ್ಟು ಬರೆಯುವ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಅಕ್ಕನ ಮಗನ ಸಂದೇಶ ಬಂದಿದೆ. ಅವನು ಕಳುಹಿಸಿದ ಹತ್ತು ಸೆಕೆಂಡು ನೋಡಿದ ಗೆಳೆಯನೊಬ್ಬ, ಕೊನೆಗೆ ಆ ಹಲ್ಲಿ ಸತ್ತಿತೋ ಇಲ್ಲವೋ ಎಂದು ಕೇಳುತ್ತಿದ್ದಾನಂತೆ. “ಏನಾಯಿತು ಚಿಕ್ಕಮ್ಮ?” ಓದಿದ್ದೇನೆಂದು ತಿಳಿಯಲಿ ಎಂದೇ ತೆರೆದು ನೋಡಿ ಇಟ್ಟಿದ್ದೇನೆ. ಉತ್ತರ ಕೊಟ್ಟಿಲ್ಲ.