ಸ್ವೀಡನ್ನಿನ ಸ್ನೂಸ್ ಮತ್ತು ಅಮೆರಿಕದ ಡಿಪ್ ಒಂದೇ ಅಲ್ಲ: ಒಂದು ಸ್ಪಷ್ಟನೆ

ಸ್ನೂಸ್ ಮತ್ತು ಡಿಪ್ ಎರಡೂ ಸೇದದೆ ತುಟಿಯ ಒಳಗೆ ಇಟ್ಟುಕೊಳ್ಳುವ ಹೊಗೆಸೊಪ್ಪಿನ ಉತ್ಪನ್ನಗಳು. ‘ಸ್ವೀಡನ್ನಿನ ಸ್ನೂಸ್ ಮತ್ತು ಅಮೆರಿಕದ ಡಿಪ್ ಒಂದೇ ವಸ್ತು, ಸ್ವೀಡನ್ನಿನವರಿಗೆ ಏನೂ ಆಗದಿರುವಾಗ ಡಿಪ್‌ಗೆ ಹೆದರಬೇಕಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದರ ಎರಡು ಮಾತುಗಳೂ ತಪ್ಪು.

ಮುಖ್ಯ ವ್ಯತ್ಯಾಸ ಇರುವುದು ತಯಾರಿಕೆಯಲ್ಲಿ. ಸ್ನೂಸ್‌ಗೆ ಹೊಗೆಸೊಪ್ಪನ್ನು ಪುಡಿ ಮಾಡಿ, ನೀರು ಮತ್ತು ಉಪ್ಪು ಬೆರೆಸಿ, ಗಂಟೆಗಟ್ಟಲೆ ಬಿಸಿಯಲ್ಲಿ ಇಡುತ್ತಾರೆ. ಆ ಶಾಖಕ್ಕೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಡಿಪ್ ಸಾಮಾನ್ಯವಾಗಿ ಹುದುಗಿಸಿದ ಹೊಗೆಸೊಪ್ಪು. ಹುದುಗುವಾಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿಸುತ್ತವೆ, ಅದರಿಂದ ಕ್ಯಾನ್ಸರ್‌ಕಾರಕ ನೈಟ್ರೋಸಮೈನುಗಳು ಹುಟ್ಟುತ್ತವೆ. ಸ್ನೂಸ್‌ನಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಕಡಿಮೆ.

ಬಳಸುವ ರೀತಿಯೂ ಬೇರೆ. ಸ್ನೂಸ್ ಮೇಲ್ದುಟಿಯ ಒಳಗೆ, ಹೆಚ್ಚಾಗಿ ಪುಟ್ಟ ಚೀಲದಲ್ಲಿ, ಉಗುಳುವುದಿಲ್ಲ. ಡಿಪ್ ಕೆಳದುಟಿಯ ಹಿಂದೆ, ಉಗುಳುತ್ತಲೇ ಇರಬೇಕು.

2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) ‘ಜನರಲ್’ ಬ್ರ್ಯಾಂಡಿನ 8 ಸ್ನೂಸ್ ಉತ್ಪನ್ನಗಳಿಗೆ, ಸಿಗರೇಟಿನ ಬದಲು ಬಳಸಿದರೆ ಕೆಲವು ರೋಗಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಅನುಮತಿ ನೀಡಿತು. ಹೋಲಿಕೆ ಸಿಗರೇಟಿನೊಂದಿಗೆ ಎಂಬುದನ್ನು ದಯವಿಟ್ಟು ಗಮನಿಸಿ. ಏನನ್ನೂ ಬಳಸದವರಿಗೆ ಸ್ನೂಸ್ ಸುರಕ್ಷಿತ ಎಂದು ಅದು ಹೇಳಿಲ್ಲ. ಸ್ನೂಸ್‌ನಲ್ಲಿ ಚಟ ಹಿಡಿಸುವಷ್ಟು ನಿಕೋಟಿನ್ ಇದೆ, ಅದು ವಸಡನ್ನು ಸವೆಸುತ್ತದೆ, ಗರ್ಭಿಣಿಯರಿಗೆ ಹಾನಿಕರ. ಸ್ವೀಡನ್ ಬಿಟ್ಟು ಐರೋಪ್ಯ ಒಕ್ಕೂಟದ ಉಳಿದ ದೇಶಗಳಲ್ಲಿ ಅದರ ಮಾರಾಟಕ್ಕೆ ನಿಷೇಧವೂ ಇದೆ.

ಇದೇ ಸಂದೇಶವನ್ನು ತೋರಿಸಿ ನಮ್ಮ ಗುಟ್ಕಾ, ಖೈನಿಯನ್ನು ಸಮರ್ಥಿಸುವುದಂತೂ ಅಪಾಯಕಾರಿ. ಗುಟ್ಕಾದಲ್ಲಿ ಹೊಗೆಸೊಪ್ಪಿನ ಜೊತೆಗೆ ಅಡಿಕೆ, ಸುಣ್ಣ ಸೇರಿವೆ. ಸ್ವೀಡನ್ನಿನ ಅಂಕಿಅಂಶಗಳು ಅದಕ್ಕೆ ಅನ್ವಯಿಸುವುದಿಲ್ಲ.