ಸ್ಟಿಕ್ಕರ್ ಓದಿ ತಗೊಳ್ಳಿ ಮಾರಾಯ್ರೇ

'ಆರ್‌ಟಿಎಕ್ಸ್ 3060 ಕಾರ್ಡಿಗೆ 500 ವ್ಯಾಟಿನ ಯಾವ ಎಸ್‌ಎಂಪಿಎಸ್ ಆದರೂ ಸಾಕು' ಅಂತ ಬರೆದಿದ್ದೀರಿ. (ಕಾರ್ಡ್ ಅಂದರೆ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಅಂದರೆ ಪಿಸಿಯೊಳಗೆ ಕರೆಂಟ್ ಹಂಚುವ ಡಬ್ಬ.) ಆ 'ಯಾವ ಆದರೂ' ಎಂಬಲ್ಲೇ ನನ್ನ ತಕರಾರು. ಉಡುಪಿಯ ನಮ್ಮ ಮನೆಯ ಪಿಸಿಯಲ್ಲಿ ಇದ್ದದ್ದು 450 ವ್ಯಾಟಿನದ್ದು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಹೊಸ ಕಾರ್ಡ್ ಹಾಕಿದೆ. ಡೆಸ್ಕ್‌ಟಾಪ್ ತನಕ ಏನೂ ತೊಂದರೆಯಿಲ್ಲ, ಗೇಮ್ ಲೋಡ್ ಆಗುವಾಗ ಟಪ್ ಅಂತ ಆಫ್! ಮೂರನೇ ಸಲಕ್ಕೆ ಬಿಚ್ಚಿ, ಧೂಳು ಒರೆಸಿ ಎಸ್‌ಎಂಪಿಎಸ್‌ನ ಸ್ಟಿಕ್ಕರ್ ಓದಿದೆ: 12 ವೋಲ್ಟಿಗೆ ಬರೀ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಕಾರ್ಡೂ ಪ್ರೊಸೆಸರೂ ಮುಖ್ಯವಾಗಿ ಕರೆಂಟ್ ಎಳೆಯುವುದು ಈ 12 ವೋಲ್ಟಿನಿಂದಲೇ. ಕಾರ್ಡ್ ಒಂದಕ್ಕೇ 170 ಬೇಕು, ಪ್ರೊಸೆಸರಿಗೆ ಉಳಿಯುವುದೆಷ್ಟು? ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾದವರೇ ಇದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತಾರೆ.

ಈಗ ಇರುವುದು 550 ವ್ಯಾಟಿನ, ಬ್ರಾಂಜ್ ಗುರುತಿನ ಎಸ್‌ಎಂಪಿಎಸ್, 12 ವೋಲ್ಟಿನಲ್ಲೇ 500 ವ್ಯಾಟ್ ದಾಟುವಂಥದ್ದು. ಬ್ರಾಂಜ್ ಅಂದರೆ ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಗುರುತು ಅಷ್ಟೇ, ಗಟ್ಟಿತನದ್ದಲ್ಲ. ಗಟ್ಟಿತನ ತಿಳಿಯಬೇಕಾದರೆ ವಾರಂಟಿ ಎಷ್ಟು ವರ್ಷ ಉಂಟು ಅಂತ ಕೇಳಿ. ಕಾರ್ಡಿಗೆ ಚುಚ್ಚುವ 8 ಪಿನ್ನಿನ ವಯರ್ ಎಸ್‌ಎಂಪಿಎಸ್‌ನದ್ದೇ ಇರಲಿ. ಅಂಗಡಿಯವರು 'ಮೋಲೆಕ್ಸ್‌ಗೆ (ಹಳೇ ಹಾರ್ಡ್‌ಡಿಸ್ಕಿನ 4 ಪಿನ್ನಿನ ವಯರಿಗೆ) ಕನ್ವರ್ಟರ್ ಹಾಕಿ ಕೊಡ್ತೇವೆ' ಅಂದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ಮತ್ತೆ ನಮ್ಮೂರಿನ ಸಿಡಿಲಿಗೆ ಯಾವ ಬ್ರಾಂಡೂ ಸಾಲದು, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ನಾನು ಪ್ಲಗ್ಗನ್ನೇ ಎಳೆದಿಡುವುದು.