ಕ್ಯಾಮೆರಾ ಇದ್ದರೆ ಸಾಕಾ? ರಿಸೆಪ್ಷನ್‌ನಲ್ಲಿ ಕೂತವರಿಗೆ ಒಂದು ಬೆಲ್ ಬೇಕು

ಮಂಡ್ಯ, ಮೈಸೂರು ಕಡೆ ಯಾವುದಾದರೂ ನರ್ಸಿಂಗ್ ಹೋಮ್‌ಗೆ ಹೋಗಿ ನೋಡಿ. ಬಾಗಿಲಲ್ಲಿ ಕ್ಯಾಮೆರಾ, ಮೆಡಿಕಲ್ ಸ್ಟೋರಲ್ಲಿ ಕ್ಯಾಮೆರಾ, ದುಡ್ಡು ಕಟ್ಟಿಸಿಕೊಳ್ಳುವ ಕೌಂಟರ್ ಮೇಲಂತೂ ಇದ್ದೇ ಇರುತ್ತೆ. ಆ ಕೌಂಟರ್ ಹಿಂದೆ ಕೂತ ಹುಡುಗಿಗೆ ಮಾತ್ರ, ಯಾರಾದರೂ ಮೈಮೇಲೆ ಬಂದರೆ ಒತ್ತೋಕೆ ಒಂದು ಬೆಲ್ ಇಲ್ಲ. ಕ್ಯಾಮೆರಾ ಇರುವುದು ಆಮೇಲೆ ಪೊಲೀಸರಿಗೆ ತೋರಿಸೋಕೆ. ಗಲಾಟೆ ಆಗ್ತಿರುವಾಗಲೇ ಯಾರಿಗಾದರೂ ಗೊತ್ತಾಗಬೇಕಲ್ವಾ?

ನಾನು ಇರುವುದೂ ಇಂಥದ್ದೇ ಒಂದು ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ. ಡಾಕ್ಟರು ತಡ ಮಾಡಿದರೆ, ಬೆಡ್ ಖಾಲಿ ಇಲ್ಲದಿದ್ದರೆ, ಬಿಲ್ ಜಾಸ್ತಿ ಆದರೆ ಬೈಗುಳ ಮೊದಲು ಬೀಳುವುದು ನಮಗೆ. ಇದರಲ್ಲಿ ಒಂದೂ ನಮ್ಮ ಕೈಲಿಲ್ಲ. ಒಂದು ರಾತ್ರಿ ಹೈವೇಲಿ ಆಕ್ಸಿಡೆಂಟ್ ಆದವರನ್ನು ಕರೆತಂದ ಗುಂಪಿನಲ್ಲಿ ಒಬ್ಬ ಕೌಂಟರ್ ಮೇಲೆ ಬಗ್ಗಿ ನಮ್ಮ ಹುಡುಗಿಯ ಮಣಿಕಟ್ಟು ಹಿಡಿದುಕೊಂಡ. "ಸ್ವಲ್ಪ ತಾಳ್ಕೊಳ್ಳಿ ಅಣ್ಣ, ಡಾಕ್ಟರು ಬರ್ತಿದ್ದಾರೆ" ಅಂತಲೇ ಇದ್ದಳು ಪಾಪ. ಅವಳ ಫೋನು ಪಕ್ಕದಲ್ಲೇ ಚಾರ್ಜ್‌ಗೆ ಹಾಕಿತ್ತು, ಕೈಗೆ ಸಿಗಲಿಲ್ಲ. ಬೆಳಿಗ್ಗೆ ಎಲ್ಲರೂ "112ಕ್ಕೆ ಫೋನ್ ಮಾಡೋದಲ್ವಾ" ಅಂದರು. 112 ಒಳ್ಳೆಯ ನಂಬರೇ, ಪೊಲೀಸು, ಆಂಬುಲೆನ್ಸು, ಫೈರು ಎಲ್ಲದಕ್ಕೂ ಅದೇ. ಆದರೆ ಕೈ ಹಿಡಿದುಕೊಂಡವನ ಎದುರು ಫೋನ್ ತೆಗೆದು ಮಾತಾಡೋಕಾಗುತ್ತಾ?

ಡಾಕ್ಟರು, ನರ್ಸುಗಳ ಮೇಲೆ ಕೈ ಮಾಡಿದರೆ ಜೈಲು ಅಂತ ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಡ್ಯೂಟಿಯಲ್ಲಿದ್ದ ಟ್ರೇನಿ ಡಾಕ್ಟರ್ ಮೇಲೆ ಅತ್ಯಾಚಾರ ಮಾಡಿ ಕೊಂದಮೇಲೆ ದೇಶದ ತುಂಬಾ ಡಾಕ್ಟರುಗಳು ಒಪಿಡಿ ನಿಲ್ಲಿಸಿ ಬೀದಿಗಿಳಿದರು. ಸರಿಯಾಗೇ ಮಾಡಿದರು. ಆದರೆ ಇಷ್ಟೆಲ್ಲ ಮಾತಿನ ನಡುವೆ ರಿಸೆಪ್ಷನ್‌ನವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಬೇಕಾಗಿರುವುದು ದೊಡ್ಡದೇನಲ್ಲ. ಬ್ಯಾಂಕಿನ ಕ್ಯಾಷಿಯರ್ ಹತ್ತಿರ ಇರುತ್ತಲ್ಲ, ಅಂಥದ್ದೊಂದು ಬಟನ್ ಟೇಬಲ್ ಕೆಳಗೆ, ನೋಡದೆ ಬೆರಳಿಗೆ ಸಿಗುವ ಹಾಗೆ. ಮೊಣಕಾಲು ತಾಗಿ ಒತ್ತಿಹೋಗಬಾರದು ಅಂದ್ರೆ ಎರಡು ಬಟನ್ ಒಟ್ಟಿಗೆ ಒತ್ತುವಂಥದ್ದು ಬರುತ್ತೆ. ಸೈರನ್ ಕೌಂಟರಲ್ಲೇ ಕೂಗಬಾರದು, ಸಿಟ್ಟಲ್ಲಿರುವವನು ಇನ್ನೂ ರೇಗುತ್ತಾನೆ. ಅದು ಸೆಕ್ಯುರಿಟಿ ರೂಮಲ್ಲಿ, ನರ್ಸ್ ಸ್ಟೇಷನ್‌ನಲ್ಲಿ, ಮೇಲಿನ ವಾರ್ಡಲ್ಲಿ ಹೊಡೆದುಕೊಳ್ಳಬೇಕು. ಯುಪಿಎಸ್‌ಗೆ ಕನೆಕ್ಷನ್ ಕೊಡಿಸಿ, ಕರೆಂಟ್ ಹೋದಾಗಲೇ ಗಲಾಟೆ ಜಾಸ್ತಿ. ವೈರ್ ಇಲ್ಲದ್ದು ಹಾಕಿಸಿದರೆ ಸೆಲ್ ಖಾಲಿಯಾಗಿರುವುದು ಎಷ್ಟೋ ಸಲ ಒತ್ತಿದಾಗಲೇ ಗೊತ್ತಾಗುತ್ತೆ, ಅದಕ್ಕೇ ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಇದೆಲ್ಲಕ್ಕಿಂತ ಮುಖ್ಯ, ಬೆಲ್ ಆದರೆ ಬರೋರು ಯಾರು? ಪ್ರತಿ ಶಿಫ್ಟಿಗೂ ಇಬ್ಬರ ಹೆಸರು ಬರೆದಿಡಬೇಕು. ಗೇಟಲ್ಲಿರುವ ವಯಸ್ಸಾದ ಸೆಕ್ಯುರಿಟಿ ತಾತ ಒಬ್ಬರೇ ಬಂದು ಏನು ಮಾಡ್ತಾರೆ ಹೇಳಿ.

"ಸುಮ್ಸುಮ್ನೆ ಒತ್ತುತ್ತಾರೆ" ಅನ್ನುವ ಮಾಲೀಕರಿದ್ದಾರೆ. ಒತ್ತಲಿ ಸ್ವಾಮಿ. ಒಂದು ಸಲ ತಪ್ಪಿ ಒತ್ತಿದ್ದಕ್ಕೆ ಬೈದರೆ, ನಿಜವಾಗಿ ಬೇಕಾದಾಗ ಅವಳ ಬೆರಳು ಹಿಂಜರಿಯುತ್ತೆ.

ಇನ್ನೊಂದು ಮಾತು. ಬಟನ್ ಹಾಕೋನು ಡ್ರಿಲ್ ತಗೊಂಡು ಬಂದಾಗ ಮ್ಯಾನೇಜರ್ ನಿಂತು ಜಾಗ ತೋರಿಸಬೇಡಿ. ನೈಟ್ ಡ್ಯೂಟಿ ಮಾಡುವವಳನ್ನು ಆ ಕುರ್ಚೀಲಿ ಕೂರಿಸಿ, ಎಲ್ಲಿದ್ದರೆ ಕೈಗೆ ಸಿಗುತ್ತೆ ಅಂತ ಅವಳನ್ನೇ ಕೇಳಿ.